ತಣ್ಣಗಿದ್ದ ಕಂಪ್ಯೂಟರ್

ವ್ಯಾನಿನ ಬಾಗಿಲು ನನ್ನ ಬೆನ್ನ ಹಿಂದೆ ಮುಚ್ಚಿಕೊಂಡಿತು.

ಕತ್ತಿನ ಮೇಲೆ ಸ್ಪ್ಯಾನರ್ ಬಂತು. ಹಿಡಿದವನು ವ್ಯಾನಿನ ಡ್ರೈವರ್. ಕೋಣದಂಥ ಆಳು.

"ಕೇಬಲ್ ಬಿಡು ಯಜಮಾನ."

ನನ್ನ ಕೈಯಲ್ಲಿ ಒಂದು ಕಂಪ್ಯೂಟರ್ ಕೇಬಲ್ ಇತ್ತು.

"ಬಿಟ್ರೆ?"

"ನಡ್ಕೊಂಡು ಮನೆಗೆ ಹೋಗ್ತೀಯ."

"ಬಿಡದಿದ್ರೆ?"

"ಹೊತ್ಕೊಂಡು ಹೋಗ್ತಾರೆ."

ಮಾತುಗಾರ. ಆದರೆ ನನಗೆ ಹೊತ್ತಿರಲಿಲ್ಲ. ಗಂಟೆ ಹನ್ನೊಂದೂ ಹತ್ತು. ಹನ್ನೆರಡಕ್ಕೆ ಮೇಲೆ ಮೂರನೇ ಮಹಡಿಯಲ್ಲಿ ನನ್ನ ತಂಗಿಯನ್ನು ಕಳ್ಳಿ ಎಂದು ಬರೆದು ಕೆಲಸದಿಂದ ಕಿತ್ತುಹಾಕುವವರಿದ್ದರು.

ಕೇಬಲ್ಲಿಗೂ ತಂಗಿಗೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ. ಸ್ಪ್ಯಾನರ್ ಎಲ್ಲೂ ಹೋಗುವುದಿಲ್ಲ.

ಕಳುವಾದ ಲಾರಿ ಹುಡುಕುವುದು ನನ್ನ ಕಸುಬು. ಓದಿದ್ದು ಹಳ್ಳಿ ಸ್ಕೂಲಿನಲ್ಲಿ ಏಳನೇ ಕ್ಲಾಸು. ತಂಗಿ ಹಾಗಲ್ಲ. ಒಂದು ಟೀವಿ ಸಂಸ್ಥೆಯಲ್ಲಿ ಕಂಪ್ಯೂಟರ್ ಪರೀಕ್ಷೆ ಮಾಡುತ್ತಾಳೆ. ಕ್ಯಾಮೆರಾದಿಂದ ಬರುವ ವಿಡಿಯೋ ಆನೆಗಾತ್ರ ಇರುತ್ತದಂತೆ. ಚಿತ್ರ ಕೆಡದ ಹಾಗೆ ಅದನ್ನು ಹಿಂಡಿ ಸಣ್ಣದು ಮಾಡಬೇಕು. ಎನ್‌ಕೋಡಿಂಗ್ ಅನ್ನುತ್ತಾರೆ. ಒಳಗಿನ ಪ್ರೊಸೆಸರ್ ಚಿಪ್ಪಿಗೆ ಅದು ಮೈಮುರಿಯುವ ದುಡಿಮೆ.

ಸಂಸ್ಥೆಗೆ ಮುನ್ನೂರು ಹೊಸ ಕಂಪ್ಯೂಟರ್ ಬೇಕಿತ್ತು. ಎರಡು ಕಂಪನಿಗಳು ಪೈಪೋಟಿಗೆ ಬಿದ್ದವು. ಒಂದರ ಡಬ್ಬದ ಮೇಲೆ ಹಳದಿ ಸ್ಟಿಕ್ಕರ್, ಇನ್ನೊಂದರ ಮೇಲೆ ಬಿಳಿ. ಚಿಪ್ ಬೇರೆ, ಉಳಿದದ್ದೆಲ್ಲ ಒಂದೇ. ತಂಗಿ ಎರಡಕ್ಕೂ ಒಂದೇ ಫುಟ್‌ಬಾಲ್ ಮ್ಯಾಚಿನ ವಿಡಿಯೋ ಕೊಟ್ಟಳು. ಹಳದಿ ನಲವತ್ತೊಂದು ನಿಮಿಷದಲ್ಲಿ ಮುಗಿಸಿತು. ಬಿಳಿಗೆ ಐವತ್ತೆರಡು ನಿಮಿಷ ಹಿಡಿಯಿತು. ಹಾಗೇ ವರದಿ ಬರೆದಳು.

ಬಿಳಿ ಕಂಪನಿಯ ಏಜೆಂಟ್ ಎಗರಾಡಿದ. ಎರಡು ಕೋಣೆ ಆಚೆಗೂ ಮೂಗಿಗೆ ಬಡಿಯುವಷ್ಟು ಸೆಂಟು ಪೂಸಿಕೊಳ್ಳುವ ಮನುಷ್ಯ. ಅವನಿಗೆ ಸೆಂಟು ಅಂತಲೇ ಹೆಸರಿಡೋಣ. ತಂಗಿಯ ಲ್ಯಾಬಿನಲ್ಲೇ ತನ್ನ ಮಷೀನನ್ನು ತಾನೇ ಓಡಿಸಿ ತೋರಿಸಿದ.

ಇಪ್ಪತ್ತಮೂರು ನಿಮಿಷ.

"ಈಯಮ್ಮ ಹಳದಿಯವರ ಕೈಗೊಂಬೆ" ಅಂದ. ಎಲ್ಲರೂ ತಲೆಯಾಡಿಸಿದರು. ಇವತ್ತು ಹನ್ನೊಂದಕ್ಕೆ ಡೈರೆಕ್ಟರ್ ಮೇಡಂ ಮುಂದೆ ಇನ್ನೊಮ್ಮೆ ಓಡಿಸಿ ತೋರಿಸುವುದು, ಹನ್ನೆರಡಕ್ಕೆ ತಂಗಿಯ ತೀರ್ಮಾನ ಎಂದಾಯಿತು. ಅವಳು ಫೋನಿನಲ್ಲಿ ಅತ್ತಳು. ನಾನು ಹೋದೆ.

"ಇವರ್ಯಾರು?" ಸೆಂಟು ಮೂಗು ಮುರಿದ.

"ಇವಳ ಅಣ್ಣ. ಮೂಲೇಲಿ ನಿಂತಿರ್ತೀನಿ. ನಿಮ್ಮ ಆಟ ನಡೀಲಿ."

ನನಗೆ ಕಂಪ್ಯೂಟರ್ ಗೊತ್ತಿಲ್ಲ, ಲಾರಿ ಗೊತ್ತು. ಲಾರಿ ಬೆಳಗ್ಗೆಯಿಂದ ಇಲ್ಲೇ ನಿಂತಿದೆ ಎಂದು ಡ್ರೈವರ್ ಆಣೆ ಹಾಕಿದರೆ ನಾನು ವಾದ ಮಾಡುವುದಿಲ್ಲ. ಬಾನೆಟ್ ಮೇಲೆ ಕೈ ಇಡುತ್ತೇನೆ.

ಬಿಳಿ ಡಬ್ಬದ ಮೇಲೆ ಕೈ ಇಟ್ಟೆ.

ತಣ್ಣಗಿತ್ತು... ಪರದೆಯ ಮೇಲೆ ಕಾಲು ಭಾಗ ಕೆಲಸ ಮುಗಿದಿತ್ತು. ಡಬ್ಬದಿಂದ ಫ್ಯಾನಿನ ಸದ್ದೂ ಇಲ್ಲ. ದುಡಿಯುವವನ ಮೈ ಹಾಗಿರುವುದಿಲ್ಲ ಸ್ವಾಮಿ.

ಹಿಂದಿನಿಂದ ಹೊರಟ ಕೇಬಲ್ ಕಿಟಕಿ ದಾಟಿ ಕೆಳಗಿಳಿದಿತ್ತು. ಇಂಟರ್‌ನೆಟ್ಟಿನದು ಎಂದುಕೊಂಡು ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ನಾನು ಮೆಟ್ಟಿಲಿಳಿದು ಕಟ್ಟಡದ ಹಿಂದೆ ಹೋಗಿ ನೋಡಿದೆ. ಕೇಬಲ್ ನೀರಿನ ಪೈಪಿನ ಗುಂಟ ಇಳಿದು ಪಾರ್ಕಿಂಗಿನಲ್ಲಿ ನಿಂತಿದ್ದ ವ್ಯಾನಿನೊಳಗೆ ನುಸುಳಿತ್ತು. ನಾನೂ ನುಸುಳಿದೆ. ಒಳಗೆ ದೊಡ್ಡದೊಂದು ಕಂಪ್ಯೂಟರ್ ನಾಲ್ಕು ಫ್ಯಾನು ತಿರುಗಿಸುತ್ತ ಬೇಯುತ್ತಿತ್ತು. ಮೇಲೆ ಹೊಗಳಿಕೆ ಬಿಳಿ ಡಬ್ಬಕ್ಕೆ, ಕೆಳಗೆ ಕತ್ತೆಚಾಕರಿ ಇದಕ್ಕೆ. ಕೇಬಲ್ ಕಿತ್ತೆ. ಆಗಲೇ ಬಾಗಿಲು ಮುಚ್ಚಿದ್ದು.

"ಏನ್ ಯೋಚ್ನೆ? ಬಿಡ್ತೀಯೋ ಇಲ್ವೋ?"

"ಬಿಡ್ತೀನಪ್ಪ. ತಗೋ."

ಕೇಬಲ್ ಚಾಚಿದೆ. ಯಾರಾದರೂ ಏನಾದರೂ ಚಾಚಿದರೆ ಮನುಷ್ಯನ ಕೈ ತಾನಾಗಿ ಮುಂದೆ ಬರುತ್ತದೆ. ಇವನದೂ ಬಂತು. ನನ್ನ ಮೊಣಕಾಲು ಮೇಲೆದ್ದಿತು. ಅವನು ಕುಸಿಯುವಾಗ ಬೀಸಿದ ಸ್ಪ್ಯಾನರ್ ನನ್ನ ಪಕ್ಕೆಗೆ ಬಡಿಯಿತು. ಲಟಕ್ ಎಂದು ಏನೋ ಮುರಿಯಿತು.

ಸ್ಪ್ಯಾನರ್ ಅಲ್ಲ.

ಕಾದ ಡಬ್ಬವನ್ನು ಅವುಚಿಕೊಂಡು ಮೆಟ್ಟಿಲು ಹತ್ತಿದೆ. ಲಿಫ್ಟ್ ಕೆಟ್ಟಿತ್ತು. ಡ್ರೈವರ್ ಕುಂಟುತ್ತ ಅಟ್ಟಿಸಿಕೊಂಡು ಬಂದ. ಎರಡನೇ ಮಹಡಿಯಲ್ಲಿ ಇಬ್ಬರಿಗೂ ದಮ್ಮು ಕಟ್ಟಿತು. ನಾಲ್ಕು ಮೆಟ್ಟಿಲ ಅಂತರದಲ್ಲಿ ನಿಂತು ಏದುಸಿರು ಬಿಟ್ಟೆವು.

"ಭಾರಾನಾ?" ಅಂದ.

"ಬಂದು ಒಂದು ಕೈ ಹಿಡಿ, ಗೊತ್ತಾಗುತ್ತೆ."

ಅವನು ಯೋಚಿಸುತ್ತಿರುವಾಗಲೇ ನಾನು ಹತ್ತಿಬಿಟ್ಟೆ.

ಲ್ಯಾಬಿನಲ್ಲಿ ಪರದೆ ಅಲ್ಲಾಡದೆ ನಿಂತಿತ್ತು. ಸೆಂಟು ಬೆವರುತ್ತಿದ್ದ.

"ಸಣ್ಣ ನೆಟ್‌ವರ್ಕ್ ತೊಂದರೆ ಮೇಡಂ..."

"ತೊಂದರೆ ಬಂತು" ಎಂದು ಡಬ್ಬವನ್ನು ಮೇಡಂ ಮುಂದೆ ಕುಕ್ಕಿದೆ. ಕೇಬಲ್ಲಿನ ಕತೆ ಹೇಳಿದೆ. "ಮುಟ್ಟಿ ನೋಡಿ. ದುಡಿದಿದ್ದು ಇದು."

ಮೇಡಂ ಒಣಕಲು ಮುದುಕಿ. ಎರಡನ್ನೂ ಮುಟ್ಟಿ ನೋಡಿದರು. ಒಂದರಿಂದ ಕೈ ತಟ್ಟನೆ ಹಿಂದೆಗೆದರು.

"ಇದು ನಮ್ದಲ್ಲ" ಅಂದ ಸೆಂಟು. "ಈ ಮನುಷ್ಯ ಯಾರೋ, ವ್ಯಾನ್ ಯಾರದ್ದೋ..."

ಬಾಗಿಲಲ್ಲಿ ಡ್ರೈವರ್ ಕಾಣಿಸಿಕೊಂಡ. "ಸಾರ್, ನಿಮ್ ಡಬ್ಬ ಹೊತ್ಕೊಂಡ್ ಬಂದ್ಬಿಟ್ಟ ಸಾರ್."

ಮೇಡಂ ಪೊಲೀಸರಿಗೆ ಫೋನ್ ಮಾಡಿಸಿದರು. ಆಮೇಲೆ ತಂಗಿಯ ಕಡೆ ತಿರುಗಿದರು.

"ಇವನು ಕಳ್ಳ, ಸರಿ. ಅಷ್ಟಕ್ಕೇ ನಿನ್ನ ಲೆಕ್ಕ ಸರಿ ಅಂತ ಆಗಲ್ಲಮ್ಮ. ಹಳದಿ, ಬಿಳಿ ಎರಡನ್ನೂ ನನ್ನ ಮೀಟಿಂಗ್ ಮೇಜಿನ ಮೇಲಿಡಿ. ಯಾವ ಕೇಬಲ್ಲೂ ಬೇಡ. ಮತ್ತೆ ಓಡಿಸಿ."

ಓಡಿಸಿದರು. ಈ ಸಲ ಎರಡೂ ಭರ್ರೆಂದವು, ಎರಡೂ ಕಾದವು. ಪಕ್ಕೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತೆ. ಕೆಲಸ ಎಷ್ಟಾಯಿತೆಂದು ತೋರಿಸುವ ಎರಡು ಪಟ್ಟಿಗಳು ಪರದೆಯ ಮೇಲೆ ಉದ್ದವಾಗುವುದನ್ನೇ ಇಡೀ ಕಚೇರಿ ನೋಡುತ್ತಿತ್ತು. ಫುಟ್‌ಬಾಲ್ ಮ್ಯಾಚನ್ನೂ ಯಾರೂ ಹಾಗೆ ನೋಡಿರಲಿಕ್ಕಿಲ್ಲ.

ಹಳದಿಗೆ ನಲವತ್ತೊಂದು ನಿಮಿಷವೇ ಹಿಡಿಯಿತು.

ಬಿಳಿ ಅದಕ್ಕೂ ಎರಡು ನಿಮಿಷ ಮೊದಲೇ ಮುಗಿಸಿ ಕೂತಿತ್ತು.

ತಂಗಿಯ ಮುಖ ಬಿಳಿಚಿಕೊಂಡಿತು. ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ.

"ಸುಮ್ನಿರೇ" ಎಂದು ಪಿಸುಗುಟ್ಟಿದೆ.

"ಇಲ್ಲಣ್ಣ. ಮೇಡಂ, ಲ್ಯಾಬಲ್ಲಿ ಮೇಜು ಇರೋದು ಒಂದೇ. ಮೊದಲು ಬಂದ ಮಷೀನನ್ನ ಮೇಜಿನ ಮೇಲಿಡ್ತೀನಿ. ಆಮೇಲೆ ಬಂದಿದ್ದನ್ನ ಕೆಳಗಿನ ಮರದ ಗೂಡಿಗೆ ತಳ್ತೀನಿ. ಯಾವಾಗಲೂ ಹಾಗೇ. ಬಿಳಿ ಆಮೇಲೆ ಬಂದಿತ್ತು. ಗೂಡಲ್ಲಿ ಗಾಳಿ ಆಡಲ್ಲ. ಚಿಪ್ ವಿಪರೀತ ಕಾದ್ರೆ ಸುಟ್ಟುಹೋಗಬಾರದು ಅಂತ ತಾನೇ ನಿಧಾನ ಮಾಡುತ್ತೆ. ನನ್ನ ಐವತ್ತೆರಡು ನಿಮಿಷ ತಪ್ಪು."

ನನಗೆ ರೇಗಿತು. ಇವಳಿಗಾಗಿ ಎಲುಬು ಮುರಿಸಿಕೊಂಡಿದ್ದೆ, ಇವಳು ತಾನೇ ಕುತ್ತಿಗೆ ಕೊಡುತ್ತಿದ್ದಳು!

ಸೆಂಟು ನಿಧಾನವಾಗಿ ಕುರ್ಚಿಗೆ ಕುಸಿದ.

"ಅಂದ್ರೆ... ನಮ್ದೇ ಫಾಸ್ಟಾ?"

"ಎರಡು ನಿಮಿಷ" ಅಂದಳು ತಂಗಿ.

"ನಿಜವಾಗ್ಲೂ?"

"ನಿಮಗೆ ಗೊತ್ತಿರಲಿಲ್ವಾ?"

ಅವನಿಗೆ ಗೊತ್ತಿರಲಿಲ್ಲ. ಅವನೂ ತಂಗಿಯ ಐವತ್ತೆರಡನ್ನೇ ನಂಬಿದ್ದ. ಅವಳ ವರದಿಯನ್ನು ಕೊನೆಯ ಅಕ್ಷರದವರೆಗೆ ನಂಬಿದವನು ಅವನೊಬ್ಬನೇ.

ಮೇಡಂ ಕನ್ನಡಕ ತೆಗೆದರು. "ಕಳ್ಳಿ ಆಗಿದ್ರೆ ಈಗ ಬಾಯಿ ಮುಚ್ಕೊಂಡಿರ್ತಿದ್ದೆ. ಹೋಗು, ಹೊಸ ವರದಿ ಬರಿ. ಇದ್ದಿದ್ದು ಇದ್ದ ಹಾಗೆ. ಆಮೇಲೆ ಇನ್ನೊಂದು ಮೇಜು ತರಿಸ್ಕೋ."

ತಂಗಿ ಹಾಗೇ ಬರೆದಳು. ಎರಡರಲ್ಲಿ ಚುರುಕಾದದ್ದು ಬಿಳಿ. ಕೆಳಗೆ ಮೇಡಂ ಒಂದು ಸಾಲು ಸೇರಿಸಿ ಸಹಿ ಹಾಕಿದರು: ಬಿಳಿ ಕಂಪನಿ ಮೋಸ ಮಾಡಿದ್ದರಿಂದ ಹಳದಿಯನ್ನೇ ಕೊಳ್ಳತಕ್ಕದ್ದು.

ಮುನ್ನೂರೂ ಹಳದಿಯೇ.

ಪೊಲೀಸರು ಸೆಂಟುವನ್ನು ಕಾರಿಡಾರಿನಲ್ಲಿ ನಡೆಸಿಕೊಂಡು ಹೊರಟರು. ನನ್ನ ಮುಂದೆ ಬಂದಾಗ ನಿಂತ.

"ಅಣ್ಣಾ... ಆ ವರದೀದು ಒಂದು ಕಾಪಿ ಸಿಗುತ್ತಾ?"

"ನಿನಗ್ಯಾಕೆ?"

"ಕಂಪನಿಗೆ ತೋರ್ಸೋಕೆ. ಗೆದ್ದಿದ್ದು ನಮ್ದೇ ಅಂತ."

ಕಾಪಿ ತೆಗೆಸಿಕೊಟ್ಟೆ. ಜೇಬಿಗೆ ನಾನೇ ತುರುಕಬೇಕಾಯಿತು. ಅವನ ಎರಡೂ ಕೈಗೆ ಕೋಳ ಬಿದ್ದಿತ್ತು.