ಕರೆಂಟ್ ಬರುವ ತನಕ

ಗುರುತು ಹಿಡಿದಾನೋ, ಇಲ್ಲವೋ. ಹಿಡಿದರೆ ಕೆಲಸವೇ ಬೇಡ ಎಂದಾನು. ಹಿಡಿಯದೇ ಹೋದರೆ ಈ ಭಾರ ಹೊತ್ತು ಬನಹಟ್ಟಿಯಿಂದ ಇಲ್ಲಿಯತನಕ ಬಂದದ್ದಕ್ಕೆ ಅರ್ಥವೇ ಇಲ್ಲ. ಎರಡರಲ್ಲಿ ತನಗೆ ಬೇಕಾದದ್ದು ಯಾವುದು ಎಂಬುದು, ಜಮಖಂಡಿಯ ಆ ಕಂಪ್ಯೂಟರ್ ಅಂಗಡಿಯ ಮೆಟ್ಟಿಲ ಮೇಲೆ ನಿಂತಾಗಲೂ ಕಾಂಚನಾಗೆ ಸ್ಪಷ್ಟವಿರಲಿಲ್ಲ.

ಸಿಪಿಯು ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಕಟ್ಟಿ ಎದೆಗವಚಿಕೊಂಡಿದ್ದಳು. ಅಂಗಡಿಯೊಳಗೆ ಕೂತಿದ್ದ ಜ್ಞಾನೇಶ್ವರ ತಲೆಯೆತ್ತಿದ. ಮೊದಲು ಗಂಟನ್ನು ನೋಡಿದ, ಆಮೇಲೆ ಅವಳ ಮುಖ. ಆ ನೋಟ ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಿತು. ಮರುಗಳಿಗೆ ಅವನು ಸ್ಕ್ರೂ ಬಿಚ್ಚಿ, ಡಬ್ಬಿಯ ಮಗ್ಗುಲು ತೆಗೆದ.

"ಬನಹಟ್ಟಿಯವರೇನ್ರಿ?"

"ಹೆಂಗ ಗೊತ್ತಾತ್ರಿ?"

"ಕೆಂಪು ನೂಲಿನ ಧೂಳು ನೋಡ್ರಿ. ಫ್ಯಾನಿನ ಮ್ಯಾಲೆ ಹಾಸಿಗಿ ಹಾಸಿದಂಗ ಕುಂತೈತಿ." ಬ್ರಷ್ಷಿನಿಂದ ಅದನ್ನು ಮೆಲ್ಲಗೆ ಎಬ್ಬಿಸಿದ. "ಏನ್ ಮಾಡ್ಬೇಕು ಇದಕ್ಕ?"

"ಹಾಡು ತುಂಬಬೇಕು."

"ಇದ್ರಾಗ ಜಾಗಾನ ಇಲ್ಲಲ್ರಿ. ದೊಡ್ಡ ಹಾರ್ಡ್‌ಡಿಸ್ಕ್ ಹಾಕೂಣು, ರ‍್ಯಾಮ್ ಏರ್ಸೂಣು, ಸೌಂಡ್ ಕಾರ್ಡ್ ಬ್ಯಾರೆ ಹಾಕೂಣು. ಎಂಪಿತ್ರೀ ಸಿಡಿ ಇದ್ರ ಕೊಡ್ರಿ, ಸಂಜಿಯೊಳಗ ತುಂಬಿಕೊಡ್ತೇನಿ."

"ಸಿಡಿ ಅಲ್ಲರಿ, ಕ್ಯಾಸೆಟ್. ಒಂದು ಟ್ರಂಕ್ ಅದಾವ."

ಅವನ ಕೈ ನಿಂತಿತು. "ಕ್ಯಾಸೆಟ್ ಅಂದ್ರ ಪೂರಾ ಓಡಿಸ್ಬೇಕ್ರಿ. ತಾಸಿನ ಕ್ಯಾಸೆಟ್ಟಿಗಿ ತಾಸು ಕುಂದರಬೇಕು. ಅವಸರ ಮಾಡಾಕ ಬರೂದಿಲ್ಲ."

"ಗೊತ್ತೈತ್ರಿ."

ಅದು ಗೊತ್ತಿದ್ದೇ ಅವಳು ಬಂದದ್ದು.

"ಮನೀಗೆ ಬಂದ ಮಾಡ್ಬೇಕು. ಒಂದೊಂದು ಹಾಡೂ ಕೇಳಿ, ಬಿಡಿಸಿ ಇಡಬೇಕು. ನಡುವ ಎದ್ದು ಹೋಗಂಗಿಲ್ಲ."

"ಯಾರ ಮನಿ ಅಂತ ಹೇಳ್ಲಿಲ್ಲ."

"ನೀವು ಒಂದ್ಸಲ ಅವಲಕ್ಕಿ ತಿಂದು ಹೋದ ಮನೀನ."

ಜ್ಞಾನೇಶ್ವರ ಬ್ರಷ್ಷಿನ ತುದಿಯಲ್ಲಿ ಅಂಟಿದ ಕೆಂಪು ಧೂಳನ್ನು ನೋಡುತ್ತ ನಿಂತ. "ಬರ್ತೇನಿ," ಎಂದ. ಅಷ್ಟೇ.

*

ಎರಡು ವರ್ಷದ ಹಿಂದೆ ಅವನು ಕನ್ಯಾ ನೋಡಲು ಬಂದಿದ್ದ. ರಬಕವಿಯ ನೇಕಾರರ ಮನೆ, ಓದಿದ ಹುಡುಗ, ಜಮಖಂಡಿಯಲ್ಲಿ ಕಂಪ್ಯೂಟರ್ ಕೆಲಸ. ಅವನ ದೊಡ್ಡವ್ವ ಬೋರವ್ವ, "ಹುಡುಗಿ ಭಜನ್ಯಾಗ ಹಾಡ್ತಾಳಂತಲ್ಲ, ಒಂದು ಪದಾ ಅನ್ನಲಿ" ಎಂದಿದ್ದಳು. ಗೋಡೆಯಾಚೆ ಕರೆಂಟಿನ ಮಗ್ಗಗಳು ಗಡಗಡ ಓಡುತ್ತಲೇ ಇದ್ದವು. ಕಾಂಚನಾ ಹಾಡಿದಳು. ಹುಡುಗ ಅವಳ ತುಟಿಯನ್ನೇ ನೋಡುತ್ತಿದ್ದ. ಆ ನೋಟವನ್ನು ಅವಳು ಮನಸ್ಸಿನಲ್ಲಿ ಮಡಿಚಿ ಇಟ್ಟುಕೊಂಡಿದ್ದಳು.

ಮೂರನೆಯ ದಿನ ಮಾತು ಬಂತು: ಹುಡುಗಿ ದನಿ ಗಂಡಸಿನ ದನಿ ಆಗೇತಿ, ನಮಗ ಬ್ಯಾಡ.

ಬೇಡ ಎಂದದ್ದು ಅವನ ಹಕ್ಕು. ಆದರೆ ಆ ಮಾತು ಮನೆಯೊಳಗೆ ನಿಲ್ಲಲಿಲ್ಲ. ನೀರಿನ ನಲ್ಲಿಯ ಹತ್ತಿರ ಹುಡುಗಿಯರು ದಪ್ಪ ದನಿ ತೆಗೆದು "ಏನ್ರಿ ಕಾಂಚಣ್ಣಾ" ಎಂದರು. ಆಮೇಲೆ ನೋಡಲು ಬಂದವರಿಗೆ ಸೋದರತ್ತೆ ಯಲ್ಲಕ್ಕ ಮೊದಲೇ ಹೇಳುತ್ತಿದ್ದಳು, "ಹುಡುಗಿ ಭಾಳ ಮಾತಾಡೂದಿಲ್ಲರಿ." ಸೋಮವಾರದ ಭಜನೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಪದ ಎತ್ತುತ್ತಿದ್ದವಳು ಹಿಂದಿನ ಸಾಲಿಗೆ ಸರಿದಳು. ಅಲ್ಲಿಂದ ಮನೆಗೆ. ಅಂದಿನಿಂದ ಅವಳು ಹಾಡಿಲ್ಲ.

ಟ್ರಂಕಿನಲ್ಲಿದ್ದದ್ದು ಅದಕ್ಕೂ ಹಿಂದಿನ ಅವಳ ದನಿ. ಭಜನೆ ಮಂಡಳಿಯವರು ವರ್ಷಾನುಗಟ್ಟಲೆ ತುಂಬಿಟ್ಟದ್ದು. ಒಲ್ಲೆ ಎಂದವನನ್ನು ಕುರ್ಚಿಯ ಮೇಲೆ ಕೂರಿಸಿ ಅದೆಲ್ಲವನ್ನೂ ಕೇಳಿಸಬೇಕು. ಟೇಪನ್ನು ಮುಂದಕ್ಕೆ ಓಡಿಸುವಂತಿಲ್ಲ, ಹಾರಿಸುವಂತಿಲ್ಲ. ಕೊನೆಗೆ ಅವನ ಬಾಯಿಂದಲೇ, ತಪ್ಪು ಅವಳ ದನಿಯದಲ್ಲ ಎಂಬ ಮಾತು ಬರಬೇಕು.

*

ಅವನು ಬಂದಾಗ ತಂದೆ ಮಹಾಲಿಂಗಪ್ಪ ಮಗ್ಗದ ಮುಂದಿನಿಂದ ಎದ್ದು ಬಂದ. ಕೈಯಲ್ಲಿ ಲಾಳಿ ಹಾಗೇ ಇತ್ತು.

"ಇಂವ ಅಲ್ಲೇನವ್ವಾ ಆ..."

"ಹೌದಪ್ಪಾ. ಕೆಲಸಕ್ಕ ಕರಸೇನಿ. ಮಾಡಿ ಹೋಗ್ಲಿ."

"ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನು?"

"ಇಂಥಾ ಕೆಲಸಕ್ಕ ಇವರ ಬೇಕಾಗಿತ್ತು."

ಮಗಳ ಮುಖ ನೋಡಿ ಮಹಾಲಿಂಗಪ್ಪ ಮಗ್ಗಕ್ಕೆ ಮರಳಿದ. ಕಂಪ್ಯೂಟರ್ ಮೂಲತಃ ಅವನದು. ಸೀರೆಯ ಅಂಚಿನ ನಕ್ಷೆ ಬಿಡಿಸಲು ತಂದದ್ದು, ನಕ್ಷೆಗಳು ಹೊರಗೆ ಅಗ್ಗಕ್ಕೆ ಸಿಗತೊಡಗಿದ ಮೇಲೆ ಮೂಲೆ ಸೇರಿತ್ತು. ಜ್ಞಾನೇಶ್ವರ ಹೊಸ ಡಿಸ್ಕನ್ನು ಹಳೆಯದರ ಪಕ್ಕ ಕೂರಿಸಿದ, ಎರಡಕ್ಕೂ ಪಟ್ಟಿ ವಾಯರು ಜೋಡಿಸಿದ, ಟೇಪ್‌ರೆಕಾರ್ಡರಿನಿಂದ ವಾಯರು ಎಳೆದು ಡಬ್ಬಿಯ ಬೆನ್ನಿಗೆ ಚುಚ್ಚಿದ. ಮಗ್ಗ ಓಡುವಾಗ ತುಂಬಿದರೆ ಕರೆಂಟಿನ ಲೈನಿನಿಂದ ಹಾಡಿನ ಕೆಳಗೆ ಗುರ್ ಎಂಬ ಸದ್ದು ಸೇರುತ್ತಿತ್ತು. ಹೀಗಾಗಿ ಮಧ್ಯಾಹ್ನ ಕರೆಂಟ್ ತೆಗೆಯುವ ಹೊತ್ತನ್ನೇ ಆರಿಸಬೇಕಾಯಿತು. ಮಗ್ಗಗಳು ನಿಲ್ಲುತ್ತಿದ್ದವು. ಕಂಪ್ಯೂಟರೂ ಟೇಪೂ ಇನ್ವರ್ಟರ್ ಮೇಲೆ ನಡೆಯುತ್ತಿದ್ದವು.

ಮಗ್ಗಗಳು ನಿಂತಾಗ ಬನಹಟ್ಟಿಯ ಓಣಿಗೆ ಇಳಿಯುವ ಮೌನ ಬೇರೆ ಊರಿನವರಿಗೆ ತಿಳಿಯುವಂಥದ್ದಲ್ಲ. ಹೆಗಲ ಮೇಲಿನ ಮೂಟೆ ಯಾರೋ ಇಳಿಸಿಕೊಂಡಂತೆ ಇರುತ್ತದೆ. ಆ ಮೌನದಲ್ಲಿ ಕಾಂಚನಾ ಗುಂಡಿ ಒತ್ತಿದಳು. ಅವಳ ದನಿ ಕೋಣೆಯೊಳಗೆ ಬಂತು. ಅಗಲವಾದ, ತಗ್ಗಿನ, ಆತುರವಿಲ್ಲದ ದನಿ.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅಳುಕಬೇಕು, ಕಿವಿ ಕೆಂಪಾಗಬೇಕು. ಏನೂ ಆಗಲಿಲ್ಲ. ತೆರೆಯ ಮೇಲೆ ಏರಿಳಿಯುವ ಹಸಿರು ಗೆರೆಗಳನ್ನು ನೋಡುತ್ತ ಅವನು ತಲೆಯನ್ನು ಒಂದು ಬದಿಗೆ ವಾಲಿಸಿದ. ಮುಖ ತಿರುಗಿಸಿಕೊಂಡನೆಂದು ಅವಳಿಗೆ ಉರಿಯಿತು. ಸ್ಪೀಕರನ್ನು ಅವನ ಹತ್ತಿರಕ್ಕೆ ತಳ್ಳಿದಳು.

"ಯಾರ ದನಿ, ಗೊತ್ತಾತೇನ್ರಿ?"

ಅವನು ಸ್ವಲ್ಪ ತಡೆದ. "ಇಲ್ಲರಿ."

ಬಾಗಿಲಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕಾವಲು ಕೂತಿದ್ದ ಯಲ್ಲಕ್ಕ ತಲೆಯೆತ್ತಿ ಕಾಂಚನಾಳನ್ನು ನೋಡಿದಳು. ಕಾಂಚನಾ ತುಟಿ ಕಚ್ಚಿಕೊಂಡಳು. ಈ ದನಿಗೆ ಹೆಸರಿಟ್ಟು ಹೋದವನಿಗೆ ದನಿಯ ನೆನಪೂ ಇಲ್ಲ. ಅದಕ್ಕಿಂತ ದೊಡ್ಡ ಅವಮಾನ ಇರಬಹುದೆಂದು ಅವಳು ಎಣಿಸಿರಲಿಲ್ಲ.

ಇರಲಿ ಎಂದುಕೊಂಡಳು. ಕೇಳಲಿ. ಮೆಚ್ಚಲಿ. ಮೆಚ್ಚಿದ ಮೇಲೆ ಹೇಳಿದರೆ ಏಟು ಇನ್ನೂ ಆಳಕ್ಕೆ ಬೀಳುತ್ತದೆ.

*

ಅವನು ಮೆಚ್ಚತೊಡಗಿದ್ದು ಕೈಗಳಲ್ಲಿ ಕಾಣುತ್ತಿತ್ತು. ಹತ್ತಿಗೆ ಸ್ಪಿರಿಟ್ ಹಚ್ಚಿ ಟೇಪಿನ ಹೆಡ್ ಒರೆಸುವಾಗ ಮಲಗಿದ ಕೂಸಿನ ಮುಖ ಒರೆಸುವವನಂತೆ ಒರೆಸುತ್ತಿದ್ದ. ಒಮ್ಮೆ ಚೆನ್ನಾಗಿಯೇ ತುಂಬಿದ ಕ್ಯಾಸೆಟ್ಟನ್ನು ಮತ್ತೆ ತೆಗೆದ.

"ಇದು ಆಗೇತಲ್ರಿ," ಎಂದಳು ಕಾಂಚನಾ.

"ಸರಿಯಾಗಿ ಹತ್ತಿಲ್ಲರಿ. ಇನ್ನೊಮ್ಮೆ ಹಾಕೂಣು."

"ನಿನ್ನೇನೂ ಹಂಗ ಅಂದ್ರಿ."

"ಕೆಲಸ ಪಕ್ಕಾ ಆಗ್ಬೇಕಲ್ರಿ."

"ಪಕ್ಕಾ ಆಗೂತನಕ ನಮ್ಮನಿ ಚಾಪುಡಿ ತೀರ್ತೈತಿ," ಎಂದಳು ಯಲ್ಲಕ್ಕ.

ಅವನು ನಕ್ಕ. ನಗುವಾಗ ಕಣ್ಣು ಮೊದಲು ನಗುತ್ತಿದ್ದವು, ತುಟಿ ಆಮೇಲೆ. ಕಾಂಚನಾ ಅದನ್ನು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದಳು. ಅವನು ಬರದ ದಿನ ಕರೆಂಟ್ ಹೋದರೆ ಆ ಮೌನ ಬರೀ ಮೌನವಾಗಿರುತ್ತಿತ್ತು. ಅದಕ್ಕೂ ಅವನದೇ ತಪ್ಪೆಂದು ಲೆಕ್ಕ ಹಾಕಿದಳು.

ಟ್ರಂಕಿನ ತಳ ಕಾಣತೊಡಗಿದ ಮಧ್ಯಾಹ್ನ ಅವನೇ ಕೇಳಿದ. ಯಲ್ಲಕ್ಕ ಹೊರಗೆ ಕಟ್ಟೆಗೆ ಹೋಗಿದ್ದಳು.

"ಈ ಹಾಡಿದವರು ಈಗ ಎಲ್ಲಿ ಹಾಡ್ತಾರ್ರಿ?"

"ಹಾಡೂದ ಬಿಟ್ಟಾಳ."

"ಯಾಕ್ರಿ?"

ಕಾಂಚನಾ ಕುರ್ಚಿಯನ್ನು ಅವನೆದುರಿಗೆ ಎಳೆದು ಕೂತಳು. ಎಷ್ಟು ಸಲ ಈ ಮಾತನ್ನು ಒಳಗೊಳಗೇ ಮಸೆದಿದ್ದಳೋ. "ನಿಮ್ಮನಿಯಿಂದ ಒಂದ್ ಮಾತ ಬಂದಿತ್ತಲ್ರಿ, ಗಂಡಸಿನ ದನಿ ಅಂತ. ಅದಕ್ಕ ಬಿಟ್ಟಾಳ. ಇಷ್ಟು ದಿನಾ ಕಣ್ಣು ಮುಚ್ಚಿ ಕೇಳಿದ್ರಲ್ಲ, ಅದು ನನ್ನ ದನಿ."

ಅವನ ಮುಖದಲ್ಲಿ ಅವಳು ಕಾಯುತ್ತಿದ್ದ ಬೆಚ್ಚಿದ ಕಳೆ ಮೂಡಲಿಲ್ಲ. ಬದಲಿಗೆ ಬಹಳ ದೂರ ನಡೆದು ಬಂದವನ ದಣಿವು ಕಂಡಿತು.

"ಆ ದಿನ ನೀವು ಹಾಡಿದ್ದು ನನಗ ಕೇಳಿಸಲೇ ಇಲ್ಲರಿ," ಎಂದ.

"ಎದುರಿಗೇ ಕುಂತಿದ್ರಿ."

"ಮಗ್ಗ ಓಡಾಕತ್ತಿದ್ವು. ನನ್ನ ತೊಟ್ಟಲಾ ಮಗ್ಗದ ಮಗ್ಗಲದಾಗ ಕಟ್ಟಿದ್ರು. ಸಾಲಿ ಸೂಟಿ ಬಿಟ್ರ ದಿನಾ ಮಗ್ಗದ ಮನ್ಯಾಗ. ಕಿವಿ ಹೋಗ್ಯಾವು. ಸಣ್ಣ, ಏರು ದನಿ ಕಿವಿಗೆ ಹತ್ತೂದಿಲ್ಲ, ಗದ್ದಲದಾಗ ಯಾವುದೂ ಹತ್ತೂದಿಲ್ಲ. ಹಿಂಗ ಎಲ್ಲಾ ನಿಂತಾಗ, ತಗ್ಗಿನ ದನಿಯಿದ್ರ, ಒಂದಕ್ಷರ ಬಿಡದಂಗ ಕೇಳತೈತಿ." ಅವನು ಸ್ಪೀಕರಿನತ್ತ ನೋಡಿದ. "ಹಾಡೂ ಹುಡುಗಿ, ಕೇಳದವನ ಕೈಯಾಗ ಯಾಕ ಸಿಗಬೇಕು ಅಂತ ನಾನ ಒಲ್ಲೆ ಅಂದೆ. ಹುಡುಗನ ಕಿವಿ ಮಂದ ಅಂತ ಮಂದಿಗೆ ಹೆಂಗ ಹೇಳೂದು ಅಂತ ದೊಡ್ಡವ್ವ ಬ್ಯಾರೆ ಕಾರಣ ಕಳಿಸಿದ್ಲು."

"ನಿಮಗದು ಯಾವಾಗ ಗೊತ್ತಾತು?"

"ಮರುದಿನ."

"ಮತ್ತ?"

"ಸುಮ್ಮನಿದ್ದೆ."

ಟೇಪಿನಲ್ಲಿ ಪದ ಮುಗಿದು ಬರೀ ಸುರ್ ಎಂಬ ಸದ್ದು ಓಡುತ್ತಿತ್ತು.

"ನಿಮ್ಮ ಕಿವಿ ಮುಚ್ಚಾಕ ನನ್ನ ಬಾಯಿ ಮುಚ್ಚಿದ್ರಿ," ಎಂದಳು ಕಾಂಚನಾ.

"ಹೌದ್ರಿ."

ವಾದಿಸಿದ್ದರೆ ಸುಲಭವಿತ್ತು. ಅವನ ಒಪ್ಪಿಗೆ ಅವಳ ಕೈಯಲ್ಲಿದ್ದ ಹತಾರವನ್ನು ಅರ್ಧ ಕಿತ್ತುಕೊಂಡಿತು. ಉಳಿದರ್ಧವನ್ನು ಅವಳು ಬಿಗಿಯಾಗಿ ಹಿಡಿದಳು.

"ಇದನ್ನ ಅಪ್ಪಗ ಹೇಳ್ಬೇಕು."

ಅವನು ಎದ್ದ. "ನಡೀರಿ."

"ಈಗಲ್ಲ. ಕುಂದರ್ರಿ."

"ಮತ್ತ ಯಾವಾಗ?"

"ಕರೆಂಟ್ ಬರ್ಲಿ."

ಅವನಿಗೆ ಅರ್ಥವಾಯಿತು. ಈಗ ಹೇಳಿದರೆ ಪಿಸುಮಾತು ಸಾಕು, ಅದು ಮಹಾಲಿಂಗಪ್ಪನ ಕಿವಿಯಲ್ಲೇ ಉಳಿಯುತ್ತದೆ. ಮಗ್ಗಗಳು ಓಡುವಾಗ ಕೂಗಬೇಕು. ಅವಳ ಮೇಲೆ ಬಂದ ಮಾತು ಓಣಿ ತುಂಬ ಓಡಾಡಿದ್ದರೆ, ಇದೂ ಓಡಾಡಬೇಕು.

ಅವನು ಕೂತ. ಇಬ್ಬರೂ ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗದಷ್ಟು ದೂರ. ಕಿಟಕಿಯ ಬಿಸಿಲು ಅವನ ಹಸ್ತದ ಮೇಲೆ ಬಿದ್ದಿತ್ತು. ಆ ಕೈಯಲ್ಲಿ ಅಳುಕು ಹುಡುಕಲು ಹೊರಟವಳು ನೋಡುತ್ತಲೇ ಉಳಿದಳು. ಎದ್ದು ಹೋಗಬಹುದಿತ್ತು ಅವನು. ಬಾಗಿಲು ತೆರೆದೇ ಇತ್ತು.

"ಅಲ್ಲೀತನಕ ಒಂದು ಪದಾ ಅನ್ರಿ," ಎಂದ ಮೆಲ್ಲಗೆ.

"ಒಲ್ಲೆ."

"ಆತ್ರಿ."

ಇವತ್ತು ಕರೆಂಟ್ ಬರದಿದ್ದರೇನು ಎಂಬ ಯೋಚನೆ ಅವಳಿಗೆ ಬಂದ ಗಳಿಗೆಯಲ್ಲೇ ಅದು ಬಂತು. ಮೊದಲು ಒಂದು ಮಗ್ಗ, ಆಮೇಲೆ ಓಣಿಗೆ ಓಣಿಯೇ.

*

ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಅವನು ಹೇಳಿದ. ಮಹಾಲಿಂಗಪ್ಪ ಕೈಯಾಡಿಸಿದ: ಏನು?

"ನನಗ ಕಿವಿ ಕೇಳೂದಿಲ್ಲರಿ!"

ಕೊನೆಯ ಮಗ್ಗದಲ್ಲಿದ್ದ ಜಕ್ಕಪ್ಪ ಕುತೂಹಲಕ್ಕೆ ಮಗ್ಗ ನಿಲ್ಲಿಸಿದ. ಇನ್ನೊಬ್ಬನೂ ನಿಲ್ಲಿಸಿದ. ಎದುರುಮನೆಯ ಕಿಟಕಿಯಲ್ಲಿ ಎರಡು ತಲೆ ಕಂಡವು. ಜ್ಞಾನೇಶ್ವರನಿಗೆ ಸದ್ದು ಇಳಿದದ್ದು ಗೊತ್ತಾಗಲಿಲ್ಲವೋ, ಗೊತ್ತಾದರೂ ದನಿ ಇಳಿಸಲಿಲ್ಲವೋ. ಮುಖ ಕೆಂಪೇರಿತ್ತು, ಕುತ್ತಿಗೆಯ ನರ ಎದ್ದಿದ್ದವು.

"ನಿಮ್ಮ ಮಗಳ ದನಿಗಿ ಏನೂ ಆಗಿಲ್ಲರಿ. ಹಾಳಾಗಿದ್ದು ನನ್ನ ಕಿವಿ. ಅದನ್ನ ಮುಚ್ಚಾಕ ನಮ್ಮನ್ಯಾಗ ಸುಳ್ಳು ಹೇಳಿದ್ರು. ನಾ ಗೊತ್ತಿದ್ದೂ ಸುಮ್ಮನಿದ್ದೆ!"

ನಿಂತ ಮಗ್ಗಗಳ ನಡುವೆ ಆ ಕೂಗು ಓಣಿಯ ತುದಿಯವರೆಗೆ ಹೋಯಿತು.

"ಮೆಲ್ಲಕ ಹೇಳೋ ತಮ್ಮಾ," ಎಂದಳು ಯಲ್ಲಕ್ಕ, "ನಮಗ ಕೇಳತೈತಿ."

ಯಾರೋ ನಕ್ಕರು. ಮಹಾಲಿಂಗಪ್ಪ ನಗಲಿಲ್ಲ. ಲಾಳಿಯನ್ನು ಕೆಳಗಿಟ್ಟು ಹತ್ತಿರ ಬಂದ. "ಈ ಓಣ್ಯಾಗ ಯಾವನಿಗಿ ಸರಿಯಾಗಿ ಕೇಳತೈತೋ? ನನಗ ಕೇಳತೈತೇನು? ಜಕ್ಕಪ್ಪಗ ಕೇಳತೈತೇನು? ಇಷ್ಟಕ್ಕ ನನ್ನ ಮಗಳ ಹೆಸರು ಕೆಡಿಸ್ಬೇಕಾಗಿತ್ತೇನು?"

ಜ್ಞಾನೇಶ್ವರ ತಲೆ ತಗ್ಗಿಸಿ ನಿಂತ. ಅವನ ಹಿಂದೆ ನಿಂತ ಕಾಂಚನಾ ತನ್ನೊಳಗೆ ಗೆಲುವಿಗಾಗಿ ತಡಕಾಡಿದಳು. ಇತ್ತು. ತಣ್ಣಗೆ, ತೃಪ್ತಿಯಾಗಿ ಇತ್ತು. ಅದರ ಪಕ್ಕದಲ್ಲೇ, ಈ ಮನುಷ್ಯನ ಬೆವೆತ ಬೆನ್ನಿನ ಮೇಲೆ ಕೈ ಇಡಬೇಕೆಂಬ ಆಸೆಯೂ ಇತ್ತು. ಇಡಲಿಲ್ಲ.

ಸುದ್ದಿ ಅವನಿಗಿಂತ ಮೊದಲು ರಬಕವಿ ಮುಟ್ಟಿತು. ಬೋರವ್ವ ಅವನೊಂದಿಗೆ ಮಾತು ಬಿಟ್ಟಳಂತೆ. ಮುಂದಿನ ಸೋಮವಾರ ಕಾಂಚನಾ ಭಜನೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ಪದ ಎತ್ತಿದಳು. ಮೊದಲ ಸಾಲು ಸ್ವಲ್ಪ ಒಡೆಯಿತು, ಎರಡನೆಯದು ಒಡೆಯಲಿಲ್ಲ.

ಉಳಿದ ಕ್ಯಾಸೆಟ್ಟುಗಳಿಗೆ ಅವನು ಬಂದ. ಮುಗಿದ ಮೇಲೂ ಬಂದ.

"ಇನ್ನೇನೈತ್ರಿ ಕೆಲಸ?" ಎಂದಳು ಬಾಗಿಲಲ್ಲಿ ಅಡ್ಡ ನಿಂತು.

"ಕೇಳೂದೈತಿ." ಚಪ್ಪಲಿ ಬಿಡದೆ ನಿಂತಿದ್ದ. "ದೊಡ್ಡವ್ವನ್ನ ಕಳಿಸೂದಿಲ್ಲ. ನಾನ ಬಂದೇನಿ. ನನ್ನ ಮದಿವಿ ಆಗ್ತೀರೇನು?"

"ಕೇಳಿಸಲಿಲ್ಲ. ಜೋರಾಗಿ ಹೇಳ್ರಿ."

ಅವನ ಕಣ್ಣು ಮೊದಲು ನಕ್ಕವು. ಅವನು ಮತ್ತೆ ಕೂಗಿ ಹೇಳಿದ. ಅವಳು ಅಂದು ಉತ್ತರ ಕೊಡಲಿಲ್ಲ. ದೀಪಾವಳಿಯತನಕ ಕಾಯಿಸಿ, ಆಮೇಲೆ ಹೂಂ ಎಂದಳು. ಮದುವೆಯಾದ ಮೇಲೂ ಸಿಟ್ಟು ಬಂದಾಗ, "ನಿಮಗ ನನ್ನ ದನಿ ಗುರ್ತ ಸಿಗಾಕ ಒಂದು ಟ್ರಂಕ್ ಕ್ಯಾಸೆಟ್ ಬೇಕಾತು" ಎಂದು ಚುಚ್ಚುತ್ತಿದ್ದಳು. ಅವನು ಅದನ್ನು ತಿದ್ದಲಿಲ್ಲ.

ಮೊದಲ ಕ್ಯಾಸೆಟ್ಟಿನ ಮೊದಲ ಸಾಲಿಗೇ ಅದು ಅಂಗಡಿಯಲ್ಲಿ ತನ್ನೊಂದಿಗೆ ಮಾತಾಡಿದ ಅವಳದೇ ತಗ್ಗಿನ ದನಿಯೆಂದು ತನಗೆ ಗೊತ್ತಾಗಿತ್ತೆಂದೂ, ಒಪ್ಪಿಕೊಂಡರೆ ಅವಳ ಸೇಡು ಅಲ್ಲಿಗೇ ತೀರಿ ತಾನು ಮತ್ತೆ ಬರುವಂತಿಲ್ಲವೆಂದು ಹೆದರಿ "ಇಲ್ಲರಿ" ಎಂದೆನೆಂದೂ ಜ್ಞಾನೇಶ್ವರ ಅವಳಿಗೆ ಎಂದೂ ಹೇಳಲಿಲ್ಲ.