ಕೆಂಪಯ್ಯನ ಎರಡನೇ ಮಗ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಬಾಗಿಲಲ್ಲೇ ಮಾನಸ ಗಕ್ಕನೆ ನಿಂತಳು.

ಕಾಂತರಾಜು! ಒಂದು ತಿಂಗಳಿಂದ ಫೋನ್ ಎತ್ತದವನು ಧೂಳು ಹಿಡಿದ ಕಡತಗಳ ನಡುವೆ ಕೂತಿದ್ದ.

"ಬದುಕಿದೀಯಾ?" ಎನ್ನುತ್ತ ಅವಳು ಒಳಗೆ ನುಗ್ಗಿದಳು. "ನಾಳೆ ನನ್ನ ನಿಶ್ಚಿತಾರ್ಥ ಕಣೋ... ಬೇರೆಯವನ ಜೊತೆ!"

"ಗೊತ್ತು. ಅದಕ್ಕೇ ದಿನಾ ಇಲ್ಲಿಗೆ ಬರ್ತಾ ಇದೀನಿ."

ಪಾಪ, ಇವರ ಗ್ರಹಚಾರ ನೋಡಿ! ಮೂಡಲಪಾಳ್ಯದ ಹುಡುಗ, ಗೋವಿಂದರಾಜನಗರದ ಹುಡುಗಿ, ಮೂರು ವರ್ಷದ ಪ್ರೀತಿ. ಕುಲ ವಿಚಾರಿಸಲು ಹೊರಟ ಮಾನಸಳ ಅಪ್ಪ ನಂಜುಂಡಪ್ಪನವರು ಜಮೀನಿನ ಹಳೇ ವಂಶವೃಕ್ಷ ತೆಗೆದು ಬೆಚ್ಚಿಬಿದ್ದಿದ್ದರು. ನಾಲ್ಕು ತಲೆ ಹಿಂದಿನ ಕೆಂಪಯ್ಯನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡಯ್ಯನ ಸಾಲಿನಲ್ಲಿ ಮಾನಸ, ಗಿರಿಯಪ್ಪನ ಸಾಲಿನಲ್ಲಿ ಕಾಂತರಾಜು!

"ಅವನು ನಿಂಗೆ ಅಣ್ಣ ಆಗ್ಬೇಕು ಕಣೇ, ಮರೆತ್ಬಿಡು!" ಎಂದಿದ್ದರು.

ಆ ಸಾಲು ಸುಳ್ಳಾಗಿರಲಿ ಎಂಬ ಕೊನೆಯ ಆಸೆಯಿಂದ ಅವಳೂ ಇವತ್ತು ಬಂದಿದ್ದಳು.

"ಫೋನ್ ಯಾಕೋ ಎತ್ತಲಿಲ್ಲ?"

"ನೀನು ಅಪ್ಪಿತಪ್ಪಿ ಅಣ್ಣ ಅಂದ್ಬಿಟ್ರೆ... ಸತ್ತೋಗ್ತಿದ್ದೆ ಕಣೇ."

ಅವಳಿಗೆ ಸಿಟ್ಟು, ಅಳು ಒಟ್ಟಿಗೇ ಬಂದವು. ಕತ್ತೆ! ನಾನೊಬ್ಬಳೇ ಸಾಯ್ತಾ ಇದೀನಿ ಅಂದ್ಕೊಂಡಿದ್ದೆನಲ್ಲ!

"ಐದಕ್ಕೆ ಬೀಗ ಹಾಕ್ತೀನಮ್ಮ," ಎಂದರು ಗುಮಾಸ್ತೆ ವಿಮಲಮ್ಮ. ಆಗಲೇ ನಾಲ್ಕೂವರೆ. ನೋಡದೆ ಉಳಿದಿದ್ದುದು ಜಮೀನಿನ ಹಕ್ಕು ಬದಲಾವಣೆಯ ಒಂದೇ ಒಂದು ಪುಸ್ತಕ.

ಇಬ್ಬರೂ ಹಾಳೆ ತಿರುವಿದರು. ಇದರಲ್ಲೂ ಇಲ್ಲದಿದ್ದರೆ? ದೇವರೇ... ಎಲ್ಲ ಮುಗೀತು!

ಗಿರಿಯಪ್ಪನ ಹೆಸರಿದ್ದ ಒಂದು ಪುಟದಲ್ಲಿ ಅವಳ ಬೆರಳು ನಿಂತಿತು; ಉಳಿದದ್ದೆಲ್ಲ ಓದಲಾಗದ ಹಳೇ ಕೈಬರಹ. "ಆಂಟಿ... ಇದು ಸ್ವಲ್ಪ ಓದ್ತೀರಾ?"

ವಿಮಲಮ್ಮ ಕನ್ನಡಕ ಏರಿಸಿದರು. "ಕೆಂಪಯ್ಯನ ಮಗಳು ಅಕ್ಕಯ್ಯಮ್ಮ, ಆಕೆಯ ಗಂಡ ಗಿರಿಯಪ್ಪ, ಮನೆ ಅಳಿಯ..." ಎಂದು ನಕ್ಕರು. "ಹಿಂದೆ ಮಾಮೂಲಿ ಕಣಮ್ಮ. ಮನೇಲೇ ಉಳ್ಕೊಂಡ ಅಳಿಯ ಮಾವನ್ನ ಅಪ್ಪ ಅಂತಿದ್ದ, ಊರೋರೂ ಮಗ ಅಂತಿದ್ರು. ವಂಶವೃಕ್ಷ ಬರೆದೋನೂ ಹಂಗೇ ಬರೆದವ್ನೆ!"

ಅಣ್ಣನಲ್ಲ! ಕೊಟ್ಟ ಹೆಣ್ಣುಮಗಳ ಸಾಲು... ಬೇರೆ ಕುಲ, ಹೆಣ್ಣು ಕೊಟ್ಟು ತರುವ ಸಂಬಂಧ!

ಅವಳು ಅಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದಳು. ಎಲ್ಲ ಕೇಳಿದ ನಂಜುಂಡಪ್ಪನವರು ಆ ಸಾಲನ್ನು ಎರಡೆರಡು ಸಲ ಓದಿಸಿಕೊಂಡರು.

"ನಾಳೆ ಬರೋರ ಹತ್ರ ನಾನೇ ತಪ್ಪಾಯ್ತು ಅಂತೀನಿ ಮಗಳೇ," ಎಂದರು ಕೊನೆಗೆ. "ನೀನು... ಅಳಿಯಂದ್ರನ್ನ ಊಟಕ್ಕೆ ಕರ್ಕೊಂಡ್ ಬಾ."

ಕಾಂತರಾಜು ಕಣ್ಣೊರೆಸಿಕೊಂಡ. "ಇನ್ಮೇಲೆ ನನ್ನ ಏನಂತ ಕರೀತೀಯಾ?"

"ಭಾವ..." ಎನ್ನುತ್ತಲೇ ಅವಳು ಬಿಕ್ಕಿದಳು. "ಇನ್ನೊಂದ್ಸಲ ಫೋನ್ ಎತ್ತದೆ ಇದ್ರೆ ಮಾತ್ರ, ಅಣ್ಣ ಅಂತಾನೇ ಕರೀತೀನಿ!"