ಅಪಾಯದ ಮಾತು

ಲೋಹಿತನ ಮುಖ ನೋಡುವ ಮೊದಲು ಎಂಟು ತಿಂಗಳು ನಾನು ಅವನ ಉಸಿರು ಕೇಳಿದ್ದೆ. ಹೀಗೆಂದರೆ ಕೇಳಿದವರು ಏನೇನೋ ಅಂದುಕೊಳ್ಳುತ್ತಾರೆ. ಏನು ಮಾಡುವುದು, ನನ್ನ ಕೆಲಸವೇ ಅದು.

ಶಿವಮೊಗ್ಗದ ನೆಹರೂ ರೋಡಿನಲ್ಲಿ, ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಒಂಟಿಯಾಗಿ ಕೆಲಸ ಮಾಡುವವರ ಕೊರಳಿಗೆ ನಮ್ಮ ಕಂಪನಿ ಒಂದು ಅಲಾರಂ ಹಾಕುತ್ತದೆ. ಬೆಂಕಿಪೊಟ್ಟಣದಷ್ಟು ಗಾತ್ರ, ನಡುವೆ ಕೆಂಪು ಬಟನ್. ಒತ್ತಿದರೆ ಕರೆ ನಮ್ಮ ಹೆಡ್‌ಫೋನಿಗೆ ಬರುತ್ತದೆ. ಹಾಕಿಕೊಂಡವರು ಎರಡು ನಿಮಿಷ ಅಲ್ಲಾಡದಿದ್ದರೆ, ಎಲ್ಲೋ ಬಿದ್ದಿದ್ದಾರೆ ಎಂದು ತಾನಾಗಿಯೇ ಕೂಗುತ್ತದೆ.

ಹಾಗೆ ಕೂಗಿದ್ದು ಒಂದು ಮಧ್ಯಾಹ್ನ, ಮಾಚೇನಹಳ್ಳಿಯ ಒಂದು ಫೌಂಡ್ರಿಯಿಂದ.

"ಲೋಹಿತ್ ಅವರೇ, ಹುಷಾರಾಗಿದೀರಾ?"

ಆ ಕಡೆ ಏನೋ ಧಡಕ್ಕನೆ ಬಿತ್ತು. "ಯಾರು? ಎಲ್ಲಿಂದ ಮಾತಾಡ್ತಿದೀರ?"

"ನಿಮ್ಮ ಕೊರಳಿಂದ. ಎರಡು ನಿಮಿಷದಿಂದ ನೀವು ಅಲ್ಲಾಡಿಲ್ಲ. ಒಬ್ಬರೇ ಇದೀರಾ?"

"ಒಬ್ಬನೇ ಇದೀನಿ. ಮರದ ಮೇಲೆ ಗೆರೆ ಹಾಕ್ತಿದ್ದೆ, ಅಲ್ಲಾಡಿದ್ರೆ ಕೆಡುತ್ತೆ." ಸ್ವಲ್ಪ ಸುಧಾರಿಸಿಕೊಂಡು ಅಂದ, "ಎದೆಯಿಂದ ಹೆಂಗಸಿನ ದನಿ ಬಂದ್ರೆ ಯಾವ ಮನುಷ್ಯ ಹುಷಾರಾಗಿರ್ತಾನೆ ಮಾರಾಯ್ರೆ?"

ಮೈಕ್ ಮ್ಯೂಟ್ ಮಾಡಿ ನಕ್ಕೆ. ರೂಲ್ ಪ್ರಕಾರ ನಾವು ನಗುವ ಹಾಗಿಲ್ಲ.

ಕಬ್ಬಿಣದಲ್ಲಿ ಎರಕ ಹೊಯ್ಯುವ ಮೊದಲು ಆ ಆಕಾರವನ್ನು ಮರದಲ್ಲಿ ಮಾಡಬೇಕಂತೆ. ಆ ಮರದ ಅಚ್ಚು ಮಾಡುವವನು ಅವನು. ಫೌಂಡ್ರಿಯ ಹಿಂದಿನ ಶೆಡ್ಡಿನಲ್ಲಿ ಗರಗಸದ ಮಿಷನ್ ಜೊತೆ ದಿನವಿಡೀ ಒಬ್ಬನೇ. ಊರು ಭದ್ರಾವತಿ.

"ಹೆಸರಲ್ಲಿ ಲೋಹ, ಕೆಲಸ ಮರದ್ದು," ಎಂದು ಒಮ್ಮೆ ರೇಗಿಸಿದೆ.

"ನಿಮ್ಮ ಹೆಸರು ಹೇಳಿ, ನಾನೂ ರೇಗಿಸ್ತೀನಿ."

"ಹೇಳೋ ಹಾಗಿಲ್ಲ. ಡೆಸ್ಕ್ ಮೂರು."

ಅಂದಿನಿಂದ ನಾನು 'ಮೂರು ಮೇಡಂ' ಆದೆ. ತಡೆಯಲಾರದೆ ಎರಡು ತಿಂಗಳಿಗೆ ಹೆಸರು ಹೇಳಿದೆ. ಗಗನಾ. ಅವನು ರೇಗಿಸಲಿಲ್ಲ, ಒಂದು ಸಲ ಮೆಲ್ಲಗೆ ಹೇಳಿ ನೋಡಿದ. ಆ ದಿನ ಮನೆಗೆ ಬಸ್ಸಿನಲ್ಲಿ ಹೋದೆನೋ ನಡೆದು ಹೋದೆನೋ ನನಗೆ ನೆನಪಿಲ್ಲ.

ದಿನಾ ಮಧ್ಯಾಹ್ನ ಒಂದು ಗಂಟೆಗೆ ಅವನಿಗೆ ನನ್ನ ಕರೆ. ಹುಷಾರಾಗಿದೀರಾ, ಒಬ್ಬರೇ ಇದೀರಾ. ನಲವತ್ತು ಸೆಕೆಂಡಿನ ಕೆಲಸ. ಆದರೆ ತೇಗ ಹೆರೆಯುವ ಸದ್ದೇ ಬೇರೆ, ಹಲಸು ಹೆರೆಯುವ ಸದ್ದೇ ಬೇರೆ ಎಂದು ನಲವತ್ತು ಸೆಕೆಂಡಿನಲ್ಲಿ ಕಲಿಯಲಾಗುತ್ತದೆಯೇ? ನಾನು ಕಲಿತಿದ್ದೆ.

"ನಿಮ್ಮ ಕಿಟಕಿಯಿಂದ ಏನು ಕಾಣುತ್ತೆ?" ಎಂದು ಕೇಳಿದ್ದ.

"ಎದುರು ಟೆರೇಸಲ್ಲಿ ಒಣಗೋಕೆ ಹಾಕಿದ ಸೀರೆ. ಇವತ್ತು ಹಳದಿ."

ಮರುದಿನದಿಂದ ಅದೇ ಪ್ರಶ್ನೆ. ಇವತ್ತು ಯಾವ ಬಣ್ಣ? ನಾನು ಹೇಳುತ್ತಿದ್ದೆ, ಅವನು ಕೆಲಸ ನಿಲ್ಲಿಸಿ ಕೇಳುತ್ತಿದ್ದ. ಆ ಶೆಡ್ಡಿಗೆ ಕಿಟಕಿಯೇ ಇರಲಿಲ್ಲ.

ನಮ್ಮಲ್ಲಿ ಇನ್ನೊಂದು ಪದ್ಧತಿಯುಂಟು. ಯಾರಾದರೂ ಪಕ್ಕದಲ್ಲೇ ನಿಂತು ಬೆದರಿಸುತ್ತಿದ್ದರೆ 'ಕಾಪಾಡಿ' ಎನ್ನಲಾಗುವುದಿಲ್ಲ. ಅದಕ್ಕೆ ಪ್ರತಿಯೊಬ್ಬರೂ ಒಂದು ಗುಟ್ಟಿನ ಮಾತನ್ನು ಫಾರಂನಲ್ಲಿ ಬರೆದುಕೊಡಬೇಕು. ಅದು ಕಿವಿಗೆ ಬಿದ್ದರೆ ನಾವು ಏನೂ ಆಗದವರಂತೆ ಉತ್ತರ ಕೊಟ್ಟು ಜೀಪ್ ಕಳಿಸುತ್ತೇವೆ. ಅವನ ಫೈಲ್ ತೆಗೆದ ದಿನ ನನಗೆ ಸಿಟ್ಟೇ ಬಂತು. ಮಹಾರಾಯ ಬರೆದದ್ದು, 'ಊಟ ಆಯ್ತಾ?'

"ನಮ್ಮ ಕಡೆ ಯಾರಾದ್ರೂ ಇದನ್ನ ಅಪಾಯದ ಮಾತು ಮಾಡ್ಕೋತಾರಾ?" ಎಂದು ಅವನನ್ನೇ ಕೇಳಿದೆ.

"ಸುಮ್ಮಸುಮ್ಮನೆ ಬಾಯಿಗೆ ಬರದೇ ಇರೋ ಮಾತು ಬರೀರಿ ಅಂದ್ರು. ಮನೇಲಿ ಅಮ್ಮ ಕೇಳ್ತಾರೆ, ನಾನು ಕೇಳಲ್ಲ. ಇಲ್ಲಿ ಯಾರನ್ನ ಕೇಳಲಿ, ಗರಗಸನಾ?"

ನಾನು ಫೈಲ್ ಮುಚ್ಚಿದೆ. ಯೋಚಿಸಿದರೆ, ಮಧ್ಯಾಹ್ನದ ಪಾಳಿಯಲ್ಲಿ ಕೂತ ನನ್ನನ್ನೂ ಯಾರೂ ಹಾಗೆ ಕೇಳಿರಲಿಲ್ಲ.

ಅದೊಂದು ಗುರುವಾರ ನನಗೆ ತಲೆನೋವು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಎದುರಿನ ಸೀರೆ ಗುಲಾಬಿ ಎಂದು ಹೇಳಿದೆ. ಆ ಕಡೆ ಹೆರೆಯುವ ಸದ್ದು ನಿಂತಿತು.

"ಇವತ್ತು ನಿಮ್ಮ ದನಿ ಸಣ್ಣಗಿದೆ," ಅಂದ. "ಗಗನಾ, ಊಟ ಆಯ್ತಾ?"

ಜೀವ ಬಾಯಿಗೆ ಬಂತು. ತಿರುಗಿ ಏನನ್ನೂ ಕೇಳುವ ಹಾಗಿಲ್ಲ. ಪಕ್ಕದಲ್ಲಿ ಯಾರಿದ್ದಾರೋ, ಅವರ ಕೈಯಲ್ಲಿ ಏನಿದೆಯೋ.

"ಆಯ್ತು," ಎಂದೆ. "ನಿಮ್ದು?" ಕೈ ಆಗಲೇ ಜೀಪ್ ಕಳಿಸುವ ಹಳದಿ ಕೀ ಒತ್ತಿತ್ತು. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ನಮ್ಮ ಜೀಪ್ ನಿಲ್ಲುವುದು ಮಲವಗೊಪ್ಪದಲ್ಲಿ. ಡ್ರೈವರ್ ಪುಟ್ಟಯ್ಯ ಅಲ್ಲಿಂದ ಮಾಚೇನಹಳ್ಳಿ ಮುಟ್ಟಲು ಒಂಬತ್ತು ನಿಮಿಷ. ಗರಗಸ, ಉಳಿ, ಸುತ್ತಿಗೆ ಎಲ್ಲ ಕಣ್ಣಮುಂದೆ ಬಂದವು. ಕಣ್ಣು ಮುಚ್ಚಿದರೆ ಇನ್ನೂ ಹೆಚ್ಚು ಬಂದವು. ಎಂಟು ತಿಂಗಳಲ್ಲಿ ತಿಳಿಯದ್ದು ಆ ಒಂಬತ್ತು ನಿಮಿಷದಲ್ಲಿ ತಿಳಿಯಿತು. ಈ ದನಿ ಇಲ್ಲವಾದರೆ ನನ್ನ ದಿನಕ್ಕೆ ಒಂದು ಗಂಟೆ ಎನ್ನುವ ಹೊತ್ತೇ ಇರುವುದಿಲ್ಲ. ನಾನು ಅವನನ್ನು ಪ್ರೀತಿಸುತ್ತಿದ್ದೆ.

ಪುಟ್ಟಯ್ಯನ ಫೋನ್ ಬಂತು. "ಏನಿಲ್ಲ ಕಣಮ್ಮ. ಹುಡುಗ ಬುತ್ತಿ ಬಿಚ್ಕೊಂಡು ಕೂತಿದ್ದ. ನನ್ನ ನೋಡಿ ತಲೆ ಮೇಲೆ ಕೈ ಇಟ್ಕೊಂಡ. ನಂಗೂ ಒಂದು ರೊಟ್ಟಿ ಕೊಟ್ಟ."

ಹೋದ ಜೀವ ಬಂದಂತಾಯಿತು. ಆಮೇಲೆ ವಾಶ್‌ರೂಮಿಗೆ ಹೋಗಿ ಅತ್ತೆ.

ಮ್ಯಾನೇಜರ್ ಶ್ರೀನಿವಾಸಮೂರ್ತಿಯವರು ರೆಕಾರ್ಡಿಂಗ್ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು, "ಫೌಂಡ್ರಿಗೆ ಸೀರೆ ಬಣ್ಣ ಯಾಕಮ್ಮ?" ಎಂದರು. ಅವರೇ ಮುಂದುವರಿಸಿದರು.

"ಇವತ್ತೇನೋ ಜೀಪ್ ಕಳಿಸಿದೆ, ಸರಿ. ನಾಳೆ ಅವನಿಗೆ ನಿಜವಾಗ್ಲೂ ಕಷ್ಟ ಬಂದು ಇದೇ ಮಾತು ಅಂದ್ರೆ? ಪ್ರೀತಿಗೆ ಕೇಳ್ತಿದಾನೆ ಅಂತ ನೀನು ಸುಮ್ಮನೆ ಕೂತ್ರೆ? ಅವನ ಪ್ರಾಣ ಇರೋದು ನಿನ್ನ ಕಿವೀಲಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವರು ಹೇಳಿದ್ದು ನಿಜ. ಶನಿವಾರ ಅವನೇ ಬಂದು ಗುಟ್ಟಿನ ಮಾತು ಬದಲಾಯಿಸಬೇಕು, ಅಂದಿನಿಂದ ಅವನ ಕರೆ ಲಕ್ಷ್ಮೀಕಾಂತನ ಡೆಸ್ಕಿಗೆ ಎಂದು ತೀರ್ಮಾನವಾಯಿತು. ಸರಿಯಾದ ತೀರ್ಮಾನವೇ. ಆದರೂ ಶುಕ್ರವಾರವಿಡೀ ಎದುರಿನ ಟೆರೇಸ್ ನೋಡಲಿಲ್ಲ.

ಶನಿವಾರ ಮಧ್ಯಾಹ್ನ ಒಬ್ಬ ಒಳಗೆ ಬಂದ. ಕೊರಳಲ್ಲಿ ನಮ್ಮ ಅಲಾರಂ, ಕೈಯಲ್ಲಿ ಬಟ್ಟೆಚೀಲ, ಹುಬ್ಬಿನ ಮೇಲೆ ಮರದ ಪುಡಿ. ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಒಂದೊಂದೇ ಕಿಟಕಿ ನೋಡುತ್ತ ಬಂದು, ನನ್ನ ಕಿಟಕಿಯ ಹತ್ತಿರ ನಿಂತ.

"ಇವತ್ತು ನೀಲಿ," ಅಂದ.

ತಲೆ ಎತ್ತಿದೆ. ಅವನೂ ಆಗಲೇ ನನ್ನ ಕಡೆ ತಿರುಗಿದ. ದನಿಯಲ್ಲಿ ಅಷ್ಟು ಮಾತಾಡುವವನ ಕಣ್ಣಿಗೆ ಇಷ್ಟು ನಾಚಿಕೆಯೇ? ಒಂದು ಗಳಿಗೆ ನನ್ನ ಮೇಲೆ ನಿಂತ ನೋಟ ನನ್ನ ಕೈಯಲ್ಲಿದ್ದ ಪೆನ್ನಿನ ಮೇಲೆ ಇಳಿಯಿತು, ಮತ್ತೆ ತಡೆಯಲಾರದೆ ಮೇಲೆ ಬಂತು.

"ಕೂತ್ಕೊಳ್ಳಿ," ಎಂದೆ. "ಹೊಸ ಮಾತು ಹೇಳಿ. ಪಕ್ಕದಲ್ಲಿ ನಿಂತೋರಿಗೆ ಅನುಮಾನ ಬರಬಾರದು. ನಿಮ್ಮ ಬಾಯಿಗೆ ಸುಮ್ಮಸುಮ್ಮನೆ ಬರಲೂಬಾರದು."

"ರಾಂಗ್ ನಂಬರ್."

"ಖಾತ್ರಿನಾ?"

"ನಿಮ್ಮ ದನಿ ಕೇಳಿ ನಾನು ಆ ಮಾತು ಅಂದ್ರೆ, ಯಾರೋ ಕುತ್ತಿಗೆಗೆ ಚಾಕು ಇಟ್ಟಿದಾರೆ ಅಂತಲೇ ಲೆಕ್ಕ."

ಬರೆದುಕೊಂಡೆ. "ಇನ್ಮೇಲೆ ನನ್ನ ದನಿ ಬರಲ್ಲ. ನಿಮ್ಮನ್ನ ಲಕ್ಷ್ಮೀಕಾಂತ ನೋಡ್ಕೋತಾರೆ."

ಅವನ ಮುಖ ಸಪ್ಪಗಾಯಿತು. "ನನ್ನಿಂದ ನಿಮಗೆ ತೊಂದರೆ ಆಯ್ತು," ಅಂದ. ಚೀಲದ ಹಿಡಿಯನ್ನು ತಿರುಚಿದ. "ಅವತ್ತು ಬಾಯಿ ಜಾರಿದ ಕೂಡಲೇ ನೆನಪಾಯ್ತು. ಗಾಬರಿಗೆ ಕೈ ತಾಗಿ ಲೈನೂ ಹೋಯ್ತು. ನೀವು ಆಯ್ತು ಅಂದಿದ್ರಲ್ಲ, ಸುಮ್ಮನೆ ಕೇಳಿದ್ದು ಅಂತ ತಿಳೀತು ಅಂದ್ಕೊಂಡೆ. ಆದ್ರೆ ನಾನು ಕೇಳಿದ್ದು ನಿಜಕ್ಕೇ. ಯಾವತ್ತೂ ಬಾಯಿಗೆ ಬರಲ್ಲ ಅಂತ ಬರೆದ ಮಾತು ತಾನಾಗೇ ಬಂತಲ್ಲ ಗಗನಾ, ಏನು ಮಾಡಲಿ?"

ನಾನು ಫಾರಂ ತಿರುಗಿಸಿ ಕೊನೆಯ ಸಾಲು ತೋರಿಸಿದೆ. ತಮ್ಮ ಲಿಸ್ಟಿನಲ್ಲಿ ಇರುವವರ ಜೊತೆ ಸಿಬ್ಬಂದಿ ಸ್ವಂತ ವಿಷಯ ಮಾತಾಡುವ ಹಾಗಿಲ್ಲ ಎಂದಿತ್ತು.

"ಸಹಿ ಹಾಕಿ," ಎಂದೆ. "ಹಾಕಿದ್ರೆ ನೀವು ನನ್ನ ಲಿಸ್ಟಲ್ಲಿ ಇರಲ್ಲ."

ಅವನು ಓದಿದ. ಇನ್ನೊಂದು ಸಲ ಓದಿದ. ತುಟಿಯ ಕೊನೆಯಲ್ಲಿ ಶುರುವಾದ ನಗು ಮೆಲ್ಲಗೆ ಕಣ್ಣಿಗೆ ಬಂತು. ಸಹಿ ಹಾಕಿ ಕೇಳಿದ, "ಹಳೇ ಮಾತು ಹೊಡೆದು ಹಾಕಿದ್ರಾ?"

ಹೊಡೆದು ಹಾಕಿದೆ.

"ಈಗ ಕೇಳಬಹುದಾ?"

"ಕೇಳಿ."

"ಊಟ ಆಯ್ತಾ?"

ಅಭ್ಯಾಸಬಲ, ಕೈ ಹಳದಿ ಕೀ ಕಡೆ ಹೋಯಿತು. ಹಿಂದಕ್ಕೆ ತಂದೆ. "ಅವತ್ತು ಆಯ್ತು ಅಂದದ್ದು ಡ್ಯೂಟಿಗೆ," ಎಂದೆ. "ಇಲ್ಲ. ಇನ್ನೂ ಆಗಿಲ್ಲ."

ಅವನು ಚೀಲದಿಂದ ಒಂದಲ್ಲ, ಎರಡು ಡಬ್ಬಿ ತೆಗೆದ.

ಪಾಳಿ ಮುಗಿಸಿ ನಮ್ಮ ಟೆರೇಸಿನ ಮೆಟ್ಟಿಲ ಮೇಲೆ ಕೂತೆವು. ರೊಟ್ಟಿ, ಎಣ್ಣೆಗಾಯಿ. ಎದುರಿಗೆ ನೀಲಿ ಸೀರೆ ಗಾಳಿಗೆ ಉಬ್ಬುತ್ತಿತ್ತು. ತುತ್ತು ಕೈಯಲ್ಲೇ ಉಳಿಯಿತು. ಎಂಟು ತಿಂಗಳು ಬರೀ ಕೇಳಿದ ಇಬ್ಬರಿಗೆ ನೋಡುವುದು ಬಹಳ ಬಾಕಿಯಿತ್ತು. ಅವನೂ ಅಲ್ಲಾಡಲಿಲ್ಲ, ನಾನೂ ಅಲ್ಲಾಡಲಿಲ್ಲ.

ಸರಿಯಾಗಿ ಎರಡು ನಿಮಿಷಕ್ಕೆ ಅವನ ಎದೆಯ ಮೇಲಿನ ಅಲಾರಂ ಕೂಗಿತು. ಕೆಳಗಿನ ಮಹಡಿಯಿಂದ ಅದರೊಳಗೆ ಲಕ್ಷ್ಮೀಕಾಂತನ ಗಂಭೀರ ದನಿ ಬಂತು.

"ಲೋಹಿತ್ ಅವರೇ, ಹುಷಾರಾಗಿದೀರಾ?"

"ಹುಷಾರಾಗಿದೀನಿ ಸರ್."

"ಒಬ್ಬರೇ ಇದೀರಾ?"

ಅವನು ನನ್ನನ್ನೇ ನೋಡುತ್ತಿದ್ದ.

"ಇಲ್ಲ ಸರ್," ಅಂದ. "ಇನ್ನು ಒಬ್ಬನೇ ಇಲ್ಲ."